ವರ್ಣಶಿಲ್ಪಿ ಕೆ. ವೆಂಕಟಪ್ಪ

ಬೇಸಿಗೆ ರಜೆಗೆ ಮಸ್ಕತ್‌ನಿಂದ ಊರಿಗೆ ಹೋದಾಗ ನೆಂಟರ ಮನೆ, ದೇವಸ್ಥಾನ, ಬಟ್ಟೆ ಅಂಗಡಿ ಎಂದು ಸುತ್ತುವುದರಲ್ಲೇ ನಮ್ಮ ದಿನಗಳು ಮುಗಿದುಹೋಗುತ್ತವೆ. 2012ರ ರಜೆಯಲ್ಲಿ ಮಕ್ಕಳ ಒತ್ತಾಯಕ್ಕೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಯಂತ್ರಗಳನ್ನೆಲ್ಲ ನೋಡಿ ಹೊರಗೆ ಬರುವಷ್ಟರಲ್ಲಿ ಮಳೆ ಶುರುವಾಯಿತು. ಅದೇ ಸಾಲಿನಲ್ಲಿ 1877ರಲ್ಲಿ ಕಟ್ಟಿದ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಎತ್ತರದ ಕಂಬಗಳ ಆ ಹಳೆಯ ಕಟ್ಟಡದ ಪಕ್ಕದಲ್ಲಿ, ಹೆಚ್ಚು ಅಲಂಕಾರವಿಲ್ಲದೆ ನೇರ ಗೆರೆಗಳಿಂದಲೇ ನಿಂತಿರುವ ಹೊಸ ಕಾಲದ ಕಟ್ಟಡವೊಂದಿದೆ. ಅದೇ ವೆಂಕಟಪ್ಪ ಚಿತ್ರಶಾಲೆ. ಮಳೆಯಿಂದ ತಪ್ಪಿಸಿಕೊಳ್ಳಲು ಒಳಗೆ ಹೋದ ನಾವು ಮಳೆ ನಿಂತ ಮೇಲೂ ಹೊರಡಲಿಲ್ಲ.

ಒಂದು ಕಟ್ಟಡಕ್ಕೇ ಹೆಸರಾದ ಈ ವೆಂಕಟಪ್ಪ ಯಾರು ಎಂದು ಮಕ್ಕಳು ಕೇಳಿದರು. ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡ ಸಂಗತಿಗಳನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅವರದು ಅರಮನೆಗಾಗಿ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನ. ಹುಡುಗನ ಪ್ರತಿಭೆಯನ್ನು ಕಂಡ ನಾಲ್ವಡಿ ಕೃಷ್ಣರಾಜ ಒಡೆಯರು ಹೆಚ್ಚಿನ ಕಲಿಕೆಗೆಂದು ಅವರನ್ನು 1909ರಲ್ಲಿ ಕಲ್ಕತ್ತೆಗೆ ಕಳುಹಿಸಿದರು. ಅಲ್ಲಿನ ಸರ್ಕಾರಿ ಕಲಾಶಾಲೆಯಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಅವನೀಂದ್ರನಾಥ ಟಾಗೋರರು. ಮುಂದೆ ಹೆಸರಾಂತ ಕಲಾವಿದರಾದ ನಂದಲಾಲ್ ಬೋಸರು ಅವರ ಜೊತೆಗಾರರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದ ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ 1913ರಲ್ಲಿ ಪ್ರಕಟವಾದಾಗ, ಅದರಲ್ಲಿ ಈ ಮೈಸೂರಿನ ಯುವಕನ ಚಿತ್ರಗಳೂ ಇದ್ದವು.

ಕಲ್ಕತ್ತೆಯಲ್ಲೇ ಉಳಿದಿದ್ದರೆ ಅವರ ಹೆಸರು ಇನ್ನೂ ದೂರ ಹೋಗುತ್ತಿತ್ತೇನೋ. ಆದರೆ ಅವರು ಮೈಸೂರಿಗೆ ಮರಳಿದರು. ಬಂದವರು ಬರೀ ಚಿತ್ರ ಬರೆಯುತ್ತಾ ಕೂರಲಿಲ್ಲ. ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರ ಬಳಿ ವೀಣೆ ಕಲಿಯತೊಡಗಿದರು. ಆ ಸಾಧನೆಯಲ್ಲಿ ಎಷ್ಟು ಮುಳುಗಿದರೆಂದರೆ ಕುಂಚ ಹಿಂದಕ್ಕೆ ಸರಿಯಿತು. ತಮ್ಮ ಈ ವೀಣೆಯ ಹುಚ್ಚನ್ನೇ ಅವರು ಒಂದು ಚಿತ್ರವಾಗಿಯೂ ಬರೆದಿದ್ದಾರೆ. ಮದುವೆಯಾಗದೆ, ಬಿಗಿಯಾದ ಶಿಸ್ತಿನಲ್ಲಿ ಒಂಟಿಯಾಗಿ ಬಾಳಿದರು.

1926ರಲ್ಲಿ ಬರೆದ ಊಟಿಯ ಜಲವರ್ಣ ಚಿತ್ರಗಳು ಅವರಿಗೆ ಬಹಳ ಹೆಸರು ತಂದವು. ಮಂಜು ಮುಸುಕಿದ ಬೆಟ್ಟ, ಬೆಳದಿಂಗಳು, ಸೂರ್ಯೋದಯ, ನಿಂತ ನೀರು, ಇವಿಷ್ಟೇ ಅವುಗಳ ವಸ್ತು. ದೊಡ್ಡ ಚಿತ್ರಗಳೂ ಅಲ್ಲ. ಆದರೆ ಹತ್ತಿರ ನಿಂತು ನೋಡಿದರೆ ಮಂಜಿನ ತಣ್ಣನೆ ಗಾಳಿ ಮುಖಕ್ಕೆ ತಾಗಿದಂತೆ ಭಾಸವಾಗುತ್ತದೆ. ಮುಂದೆ ಕೊಡೈಕೆನಾಲಿನ ದೃಶ್ಯಗಳನ್ನೂ ಬರೆದರು. ಗಾರೆಯಂತೆ ಬಿಳಿಯಾದ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಪುರಾಣದ ದೃಶ್ಯಗಳ ಉಬ್ಬುಶಿಲ್ಪಗಳನ್ನು ಮಾಡಿದರು. ಅರಮನೆಗಾಗಿಯೂ ಅವರು ಇಂಥ ಕೆಲಸ ಕೈಗೊಂಡರು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅಲ್ಲಿಗೆ ವೆಂಕಟಪ್ಪನವರ ಬದುಕು ತಿರುವು ಪಡೆಯಿತು. ಅರಮನೆಯ ಕೆಲಸ ನಿಂತಿತು. ತಮಗೆ ಅನ್ಯಾಯವಾಯಿತೆಂದು ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಗೆಲುವು ಅವರ ಪಾಲಿಗೆ ಬರಲಿಲ್ಲ. ನೊಂದ ಮನಸ್ಸಿನಿಂದ ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದರು. ಕೊನೆಗಾಲದಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯ ಫೆಲೋಶಿಪ್ ಗೌರವ ದೊರೆಯಿತು. 1965ರಲ್ಲಿ ಅವರು ನಿಧನರಾದರು. ಹತ್ತು ವರ್ಷಗಳ ನಂತರ, 1975ರಲ್ಲಿ, ಅವರ ಹೆಸರಿನ ಚಿತ್ರಶಾಲೆ ತೆರೆಯಿತು. ಅವರ ಕೃತಿಗಳ ಜೊತೆಗೆ ಉಡುಪಿ ಕಡೆಯ ಮಹಾನ್ ಕಲಾವಿದ ಕೆ.ಕೆ. ಹೆಬ್ಬಾರರ ಚಿತ್ರಗಳೂ ಅಲ್ಲಿಗೆ ಸೇರಿದವು. 2016ರಲ್ಲಿ ಈ ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸುವ ಯೋಜನೆ ಬಂದಾಗ ನಾಡಿನ ಕಲಾವಿದರು ಒಟ್ಟಾಗಿ ವಿರೋಧಿಸಿದರು. ಅದು ಎಲ್ಲರ ಆಸ್ತಿಯಾಗಿಯೇ ಉಳಿಯಬೇಕೆಂಬುದು ಅವರ ಕಾಳಜಿಯಾಗಿತ್ತು.

ಈ ಬದುಕನ್ನು ಓದುವಾಗ ಪಾಲಕರಾದ ನಮಗೆ ಒಂದು ಮಾತು ಚುಚ್ಚಿತು. ಪರೀಕ್ಷೆ ಹತ್ತಿರ ಬಂದೊಡನೆ ಮಕ್ಕಳ ಬಣ್ಣದ ಡಬ್ಬಿಯನ್ನು ಕಪಾಟಿನ ಮೇಲಕ್ಕೆ ಎತ್ತಿಡುವವರು ನಾವೇ. ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರೂ ನಾವೇ. ವೆಂಕಟಪ್ಪನವರ ಕಥೆ ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುವುದಿಲ್ಲ. ಕಲೆ ಅವರಿಗೆ ನೆಮ್ಮದಿಯ ಮುಪ್ಪನ್ನೂ ಕೊಡಲಿಲ್ಲ, ಮೊಕದ್ದಮೆಯನ್ನೂ ಗೆಲ್ಲಿಸಲಿಲ್ಲ. ಆದರೆ ಆ ಮೊಕದ್ದಮೆಯ ಕಾಗದಗಳನ್ನು ಇಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಊಟಿಯ ಆ ಮಂಜು ಮಾತ್ರ, ಮಳೆಗೆ ಸಿಕ್ಕಿ ಒಳಗೆ ಓಡಿಬಂದ ಮಕ್ಕಳನ್ನು ಕೂಡ ನಿಲ್ಲಿಸಿತು. ಡಬ್ಬಿಯನ್ನು ಕೆಳಗಿಳಿಸಲು ನಮಗೆ ಇಷ್ಟು ಕಾರಣ ಸಾಕು.

ಪುಟಾಣಿಗಳೇ, ಚಿತ್ರ ಬರೆಯಲು ಊಟಿಗೇ ಹೋಗಬೇಕಿಲ್ಲ. ನಮ್ಮ ಹಮ್ರಿಯಾದ ಮನೆಗಳ ತಾರಸಿಗೆ ಹತ್ತಿದರೆ ಸಾಕು, ಸುತ್ತ ಬೋಳು ಕಲ್ಲಿನ ಬೆಟ್ಟಗಳು ಕಾಣುತ್ತವೆ. ಬೆಳಿಗ್ಗೆ ಶಾಲೆಯ ಬಸ್ಸು ಬರುವ ಮುನ್ನ ಅವು ಬೂದುಬಣ್ಣ, ಸಂಜೆ ಮಗ್ರಿಬ್‌ನ ಬಾಂಗ್ ಕೇಳುವ ಹೊತ್ತಿಗೆ ನಸುಗೆಂಪು. ಒಂದು ವಾರ ಆ ಬೆಟ್ಟವನ್ನು ಸುಮ್ಮನೆ ನೋಡಿ. ಆಮೇಲೆ ಬಣ್ಣ ಕಲಸಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ವೆಂಕಟಪ್ಪನವರ ಚಿತ್ರಗಳನ್ನು ತೋರಿಸಿ ಎಂದು ಅಪ್ಪ ಅಮ್ಮನನ್ನು ಒತ್ತಾಯಿಸಿ. ನಾವಂತೂ ಈ ಸಲ ಮಳೆಗಾಗಿ ಕಾಯುವುದಿಲ್ಲ.