ಓದಿನಿಂದ ನಿಘಂಟಿಗೆ: ಫರ್ಡಿನೆಂಡ್ ಕಿಟೆಲ್

ಫರ್ಡಿನೆಂಡ್ ಕಿಟೆಲ್ ಅವರನ್ನು ನಿಘಂಟುಕಾರರೆಂದು ಸ್ಮರಿಸುವಾಗ ಅವರು ಮೂಲತಃ ಓದುಗರಾಗಿದ್ದರೆಂಬ ಸಂಗತಿ ಹಿನ್ನೆಲೆಗೆ ಸರಿಯುತ್ತದೆ. ಅರಿಯದ ಪದವೊಂದು ಎದುರಾದಾಗ ಅದನ್ನು ದಾಟಿ ಮುಂದೆ ಹೋಗಲೊಲ್ಲದ ಓದು ಅವರದು. ಈ ನೆಲೆಯಿಂದ ಅವರ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜರ್ಮನಿಯ ಪೂರ್ವ ಫ್ರೀಸ್‌ಲೆಂಡ್ ಪ್ರಾಂತದ ರೆಸ್ಟರ್‌ಹಾಫೆಯಲ್ಲಿ 1832ರ ಏಪ್ರಿಲ್ 7ರಂದು ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಕಿಟೆಲ್, 1850ರಲ್ಲಿ ಬಾಸೆಲ್ ಮಿಶನ್ ಸೇರಿ 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. ಅಷ್ಟರಲ್ಲಿ ಹರ್ಮನ್ ಮೋಗ್ಲಿಂಗ್ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹೊರತಂದಿದ್ದರು. ಮತಪ್ರಚಾರಕ್ಕೆ ಆಡುಮಾತಿನ ಕನ್ನಡ ಸಾಲುತ್ತಿತ್ತು. ಕಿಟೆಲ್ ಅವರಿಗೆ ಸಾಲಲಿಲ್ಲ. ಸಾಹಿತ್ಯದ ಕಡೆಗಿನ ಈ ಒಲವು ಮಿಶನ್ನಿನ ಹಿರಿಯರಿಗೆ ಅಷ್ಟಾಗಿ ರುಚಿಸಲಿಲ್ಲ. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ಅಳವಡಿಸಿದ ‘ಕಥಾಮಾಲೆ’ (1862) ಎರಡೂ ಕಡೆಗೆ ಸಲ್ಲುವ ಪ್ರಯತ್ನವೆಂದು ತೋರುತ್ತದೆ. 1864ರಲ್ಲಿ ಪತ್ನಿ ಪೌಲೀನ್ ತೀರಿಕೊಂಡರು. ಮುಂದೆ ಆಕೆಯ ಸೋದರಿ ಜೂಲಿಯನ್ನು ಅವರು ವರಿಸಿದರು.

ಅವರ ಓದಿಗೆ ನಿಜವಾದ ತಿರುವು ದೊರೆತದ್ದು ಕೇಶಿರಾಜನಿಂದ. ‘ಶಬ್ದಮಣಿದರ್ಪಣ’ವನ್ನು ವ್ಯಾಖ್ಯಾನಸಹಿತ 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಅವರು ಸಂಪಾದಿಸಿದರು. ಕೇಶಿರಾಜನ ಕೃತಿಯ ಕೊನೆಗಿರುವ ಪ್ರಯೋಗಸಾರವು ವಿರಳವಾದ ಹಳಗನ್ನಡ ಶಬ್ದಗಳ ಅರ್ಥಸಹಿತ ಪಟ್ಟಿ. ಹದಿಮೂರನೆಯ ಶತಮಾನದಲ್ಲಿಯೇ ವಿವರಣೆ ಬೇಡುತ್ತಿದ್ದ ಮಾತುಗಳು ಅವು. ಆರು ಶತಮಾನಗಳ ಅನಂತರದ ಪರಭಾಷಿಕನಿಗೆ ಎಷ್ಟು ಅಪರಿಚಿತವಾಗಿದ್ದಿರಬೇಕು! ಬಳಕೆಯಿಂದ ಮರೆಯಾದ ೞಕಾರದ ಪದಗಳದು ಇನ್ನೊಂದು ತೊಡಕು. ಪೊೞ್ತು ಎಂಬುದನ್ನು ಮೊದಲ ಬಾರಿಗೆ ಕಂಡವನಿಗೆ ಅದು ದಿನನಿತ್ಯದ ಹೊತ್ತು ಎಂದು ಹೊಳೆಯುವುದು ಸುಲಭವಲ್ಲ. ಹಳೆಯ ರೂಪವನ್ನು ಚಾಲ್ತಿಯ ರೂಪದೊಡನೆ, ಆ ಬಳಿಕ ತಮಿಳು, ತೆಲುಗು, ತುಳು, ಮಲಯಾಳ ರೂಪಗಳೊಡನೆ ಜೋಡಿಸುವ ವಿಧಾನವನ್ನು ಕಿಟೆಲ್ ರೂಢಿಸಿಕೊಂಡರು. ಸಂಸ್ಕೃತ ಕೋಶಗಳೊಳಗೆ ಸೇರಿಕೊಂಡಿರುವ ದ್ರಾವಿಡ ಅಂಶಗಳನ್ನು ಕುರಿತು 1872ರಲ್ಲಿಯೇ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬರೆದರು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟು ಸುಮಾರು 70,000 ಶಬ್ದಗಳನ್ನು 1,752 ಪುಟಗಳಲ್ಲಿ ಒಳಗೊಂಡಿದೆ. ಕಾವ್ಯದ ಪದಗಳ ಪಕ್ಕದಲ್ಲಿಯೇ ಮೈಸೂರು ಸೀಮೆಯ, ಧಾರವಾಡ ಸೀಮೆಯ ಆಡುನುಡಿಗಳೂ ಗಾದೆಗಳೂ ಇಲ್ಲಿವೆ. ಖಚಿತವಾಗದೆಡೆ ಅವರು ಪ್ರಶ್ನಚಿಹ್ನೆಯನ್ನು ಹಾಕುತ್ತಾರೆ. ನಮ್ಮ ಕೆಲವು ಕೋಶಗಳಿಗೆ ಈ ಸಂಕೋಚವಿಲ್ಲ.

ಇಂತಹ ಓದಿನ ಪ್ರಯೋಜನಕ್ಕೆ ಹತ್ತಿರದ ನಿದರ್ಶನವೊಂದಿದೆ. ಮಾಗಡಿ ರಸ್ತೆಯ ಸುಂಕದಕಟ್ಟೆ ಇಂದು ಪಶ್ಚಿಮ ಬೆಂಗಳೂರಿನ ಜನನಿಬಿಡ ಬಡಾವಣೆ. ಬಸ್ಸಿನ ಫಲಕದಲ್ಲಿ ಆ ಹೆಸರನ್ನು ಓದುವ ಬಹುಪಾಲು ಜನರಿಗೆ ಅದೊಂದು ನಿಲ್ದಾಣ ಮಾತ್ರ. ಶುಲ್ಕ ಶಬ್ದದ ತದ್ಭವವಾದ ಸುಂಕಕ್ಕೆ ದ್ರಾವಿಡಮೂಲದ ಕಟ್ಟೆ ಸೇರಿ ಈ ಪದ ಆಗಿದೆ: ಸುಂಕ ವಸೂಲಿಯ ಠಾಣೆ. ಅದೇ ಸುಂಕ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ ಎಂದು, ವಡ್ಡರಾವುಳ, ಬಿಲ್ಕೊಡೆಗಳಂತಹ ತೆರಿಗೆಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪೆರ್ಜುಂಕದಿಂದ ಸುಂಕದಕಟ್ಟೆಯವರೆಗಿನ ದಾರಿ ಕಾಣಬೇಕಾದರೆ ಗ್ರಂಥದ ಭಾಷೆ, ಬೀದಿಯ ಭಾಷೆ ಎರಡನ್ನೂ ಒಂದೇ ಗೌರವದಿಂದ ನೋಡುವ ಕೋಶ ಬೇಕು.

ಕಿಟೆಲ್ ನಿಘಂಟಿಗೆ ಮಿತಿಗಳಿಲ್ಲವೆಂದಲ್ಲ. ‘ಕವಿರಾಜಮಾರ್ಗ’ವೂ ‘ಪಂಪಭಾರತ’ವೂ ಅಚ್ಚಾದದ್ದು 1898ರಲ್ಲಿ, ‘ವಡ್ಡಾರಾಧನೆ’ 1949ರಲ್ಲಿ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬಂದದ್ದು 1923ರಲ್ಲಿ. ಆದ್ದರಿಂದ ಈ ಪಠ್ಯಗಳ ಶಬ್ದಸಂಪತ್ತು ಅಲ್ಲಿಲ್ಲವೆಂದು ಆಕ್ಷೇಪಿಸುವುದು ಸಲ್ಲದು. ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ನಾಲ್ಕು ಸಂಪುಟಗಳಲ್ಲಿ ಈ ಕೋಶವನ್ನು ಪರಿಷ್ಕರಿಸಿದ್ದು 1968-71ರ ಅವಧಿಯಲ್ಲಿ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ಊರಿನಲ್ಲಿ ಅವರು ಕನ್ನಡ ವ್ಯಾಕರಣದ ಕೆಲಸವನ್ನು ಮುಂದುವರಿಸಿದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ವಿವರಿಸುವ ಆ ಗ್ರಂಥ 1903ರಲ್ಲಿ ಪ್ರಕಟವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.