ಜಾನ್ ವಾಲ್ಟರ್ ಕ್ರಿಸ್ಟಿ: ತವರಿನಲ್ಲಿ ಸಲ್ಲದ ಪ್ರತಿಭೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ಅಮೆರಿಕದ ಇಂಜಿನಿಯರ್ ಜಾನ್ ವಾಲ್ಟರ್ ಕ್ರಿಸ್ಟಿಯವರ ಬದುಕನ್ನು ತಿಳಿದರೆ ಆ ಗಾದೆ ನಿಮಗೆ ನೆನಪಾಗದೆ ಇರದು.

1865ರಲ್ಲಿ ನ್ಯೂಜೆರ್ಸಿ ರಾಜ್ಯದಲ್ಲಿ ಜನಿಸಿದ ಕ್ರಿಸ್ಟಿ, ಹದಿಹರೆಯದಲ್ಲೇ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತಾ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಂಸ್ಥೆಯಲ್ಲಿ ಓದಿದರು. ಮುಂದಿನ ಚಕ್ರಗಳಿಗೆ ಶಕ್ತಿ ನೀಡುವ ಕಾರುಗಳನ್ನು ತಯಾರಿಸಿ, 1907ರ ಫ್ರೆಂಚ್ ಗ್ರ್ಯಾನ್ ಪ್ರೀ ಓಟದಲ್ಲಿ ಸ್ವತಃ ಚಾಲಕರಾದರು. ಕುದುರೆಗಳು ಎಳೆಯುತ್ತಿದ್ದ ಅಗ್ನಿಶಾಮಕ ಪಂಪುಗಳಿಗೆ ಯಂತ್ರದ ಎಳೆಬಂಡಿ ಜೋಡಿಸಿದವರೂ ಅವರೇ.

ಮೊದಲ ಮಹಾಯುದ್ಧದ ಟ್ಯಾಂಕುಗಳು ಮನುಷ್ಯನ ನಡಿಗೆಯ ವೇಗದಲ್ಲಿ ತೆವಳುತ್ತಿದ್ದವು. ಹಗುರವಾದ, ಓಡುವ ಟ್ಯಾಂಕ್ ಬೇಕೆಂದು ಕ್ರಿಸ್ಟಿ ಪಟ್ಟು ಹಿಡಿದರು. 1928ರಲ್ಲಿ ಅವರು ನಿರ್ಮಿಸಿದ ಪ್ರಾಯೋಗಿಕ ಟ್ಯಾಂಕಿನ ಒಂದೊಂದು ದೊಡ್ಡ ಚಕ್ರಕ್ಕೂ ಪ್ರತ್ಯೇಕವಾದ ಉದ್ದನೆಯ ಸ್ಪ್ರಿಂಗ್ ಇತ್ತು. ಹಳ್ಳ ದಿಣ್ಣೆ ಎದುರಾದಾಗ ಆ ಚಕ್ರ ಮಾತ್ರ ಏರಿಳಿಯುತ್ತಿತ್ತು. ವಿಮಾನದ ಇಂಜಿನ್ ಹೊತ್ತ ಈ ಟ್ಯಾಂಕ್ ಉಕ್ಕಿನ ಪಟ್ಟಿಯ ಮೇಲೆ ಗಂಟೆಗೆ 60 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಿತು. ಪಟ್ಟಿ ಕಳಚಿದರೆ ರಸ್ತೆಯಲ್ಲಿ ಚಕ್ರಗಳ ಮೇಲೆ ಇನ್ನೂ ವೇಗ! ತನ್ನ ಕಾಲಕ್ಕಿಂತ ಹತ್ತಾರು ವರ್ಷ ಮುಂದಿದೆ ಎಂಬ ನಂಬಿಕೆಯಿಂದ ಅವರು ಅದಕ್ಕೆ 1940ರ ಮಾದರಿ ಎಂದೇ ಹೆಸರಿಟ್ಟರು.

ಆದರೆ ಅಮೆರಿಕದ ಸೇನೆ ಕೊಂಡದ್ದು ಬೆರಳೆಣಿಕೆಯಷ್ಟು ಟ್ಯಾಂಕುಗಳನ್ನು ಮಾತ್ರ. ತಪ್ಪು ಅಧಿಕಾರಿಗಳದ್ದು ಮಾತ್ರವೇ ಎಂದು ನೀವು ಕೇಳಬಹುದು. ಅಲ್ಲ. ಕ್ರಿಸ್ಟಿ ಮಹಾ ಹಠವಾದಿ. ಸೇನೆ ಕೇಳಿದ ಅಳತೆ, ನಿಯಮಗಳಿಗೆ ಅವರು ಒಗ್ಗಲಿಲ್ಲ; ಜಗಳವೇ ಹೆಚ್ಚಾಯಿತು.

ಹೊರಗಿನವರು ಮಾತ್ರ ಬೆಲೆ ಅರಿತರು. ಸೋವಿಯತ್ ಒಕ್ಕೂಟ ಎರಡು ಟ್ಯಾಂಕುಗಳನ್ನು ಕೊಂಡು, ಗೋಪುರವಿಲ್ಲದೆ, ಟ್ರಾಕ್ಟರ್ ಎಂಬ ಹೆಸರಿನಲ್ಲಿ ಸಾಗಿಸಿತು. ಅದರಿಂದ ಬಿಟಿ ಸರಣಿಯ ಹಗುರ ಟ್ಯಾಂಕುಗಳು ಹುಟ್ಟಿದವು. ಹಿಟ್ಲರನ ಸೇನೆಯನ್ನು ತಡೆದ ಪ್ರಸಿದ್ಧ ಟಿ-34ಕ್ಕೂ ಬಂದದ್ದು ಅದೇ ಸ್ಪ್ರಿಂಗ್ ವ್ಯವಸ್ಥೆ. 1936ರಲ್ಲಿ ಬ್ರಿಟನ್ ಕೊಂಡ ಒಂದು ಟ್ಯಾಂಕಿನಿಂದ ಅವರ ವೇಗದ ಕ್ರೂಸರ್ ಟ್ಯಾಂಕುಗಳು ರೂಪುಗೊಂಡವು.

1944ರ ಜನವರಿಯಲ್ಲಿ ಕ್ರಿಸ್ಟಿ ವರ್ಜೀನಿಯಾದಲ್ಲಿ ತೀರಿಕೊಂಡಾಗ ಅವರ ಕಲ್ಪನೆ ಎರಡು ದೇಶಗಳ ರಣರಂಗದಲ್ಲಿ ಓಡುತ್ತಿತ್ತು. ಅವರ ಕೈಯಲ್ಲಿ ಮಾತ್ರ ಹೆಚ್ಚೇನೂ ಉಳಿದಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಹೊಸದನ್ನು ಕಾಣುವ ಬುದ್ಧಿ ದೊಡ್ಡದು. ಅದನ್ನು ನಾಲ್ಕು ಜನರೊಡನೆ ಕೂಡಿ ದಡ ಸೇರಿಸುವ ತಾಳ್ಮೆಯೂ ಅಷ್ಟೇ ದೊಡ್ಡದು. ಎರಡನ್ನೂ ಗಳಿಸಿರಿ.