ಡೆಮ್ಲೋ ಸಂಖ್ಯೆಯ ಕಾಪ್ರೇಕರರು

ಕಲ್ಯಾಣದಿಂದ ಠಾಣೆಗೆ ಹೋಗುವ ಗಾಡಿ ಡೊಂಬಿವಲಿಯಲ್ಲಿ ನಿಲ್ಲುವುದು ನಮಗೆಲ್ಲ ನಿತ್ಯದ ಸಂಗತಿ. ಆದರೆ ಆ ನಿಲ್ದಾಣದ ಹೆಸರು ಗಣಿತಶಾಸ್ತ್ರದಲ್ಲಿ ಸೇರಿಹೋಗಿರುವುದನ್ನು ಬಲ್ಲವರು ವಿರಳ. ಅದನ್ನು ಅಲ್ಲಿ ಸೇರಿಸಿದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು.

ಕಾಪ್ರೇಕರರು ೧೯೦೫ನೆಯ ಇಸವಿ ಜನವರಿ ೧೭ರಂದು, ಆಗ ಠಾಣೆ ಜಿಲ್ಲೆಗೆ ಸೇರಿದ್ದ ಡಹಾಣುವಿನಲ್ಲಿ ಜನಿಸಿದರು. ಎಂಟು ವರ್ಷದ ಬಾಲಕನಾಗಿರುವಾಗಲೇ ತಾಯಿಯನ್ನು ಕಳೆದುಕೊಂಡರು. ಗುಮಾಸ್ತರಾಗಿದ್ದ ತಂದೆಗೆ ಜ್ಯೋತಿಷ್ಯದಲ್ಲಿ ಆಸಕ್ತಿ. ಅವರಿಂದಲೇ ಮಗನಿಗೆ ಲೆಕ್ಕಾಚಾರದ ಒಲವು ಹತ್ತಿತು. ಠಾಣೆಯಲ್ಲಿ ಪ್ರೌಢಶಿಕ್ಷಣ ಮುಗಿಸಿ, ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದರು. ೧೯೨೭ರಲ್ಲಿ ರ‍್ಯಾಂಗ್ಲರ್ ಪರಾಂಜಪೆಯವರ ಹೆಸರಿನ ಗಣಿತ ಪಾರಿತೋಷಕವನ್ನೂ ೧೯೨೯ರಲ್ಲಿ ಪದವಿಯನ್ನೂ ಪಡೆದರು. ೧೯೩೦ರಿಂದ ೧೯೬೨ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು.

ಜಿ.ಐ.ಪಿ. ರೈಲುಮಾರ್ಗದ ಡೊಂಬಿವಲಿಯನ್ನು ಆಗ ಡೆಮ್ಲೋ ಎಂದೂ ಕರೆಯುತ್ತಿದ್ದರು. ಒಂದು ಬಗೆಯ ಸಂಖ್ಯೆಗಳನ್ನು ಅಭ್ಯಸಿಸುವ ವಿಚಾರ ಕಾಪ್ರೇಕರರಿಗೆ ಹೊಳೆದದ್ದು ಅಲ್ಲಿಯೇ. ಆದುದರಿಂದ ಅವುಗಳಿಗೆ ಡೆಮ್ಲೋ ಸಂಖ್ಯೆಗಳೆಂದು ಹೆಸರಿಟ್ಟರು. ಅವುಗಳಲ್ಲಿ ಅತಿ ಸುಂದರವಾದುದನ್ನು ನೋಡಿರಿ. ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು, ೧೧೧೧೧೧೧೧೧ ಎಂಬುದನ್ನು ಅದರಿಂದಲೇ ಗುಣಿಸಿದರೆ ೧೨೩೪೫೬೭೮೯೮೭೬೫೪೩೨೧ ಬರುತ್ತದೆ. ಈ ಹದಿನೇಳು ಅಂಕಿಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಂಕಿಗಳ ಮೊತ್ತ ೮೧. ಅದೂ ಒಂಬತ್ತರ ವರ್ಗವೇ. ೩, ೩೭, ೩೩೩೬೬೭ ಇವುಗಳನ್ನು ಬಿಟ್ಟು ಬೇರಾವ ಅವಿಭಾಜ್ಯ ಸಂಖ್ಯೆಯೂ ಇದನ್ನು ಭಾಗಿಸದು. ಹತ್ತು ಒಂದುಗಳನ್ನು ತೆಗೆದುಕೊಂಡರೋ, ನಡುವೆ ದಶಕ ಏರಿ, ೧೨೩೪೫೬೭೯೦೦೯೮೭೬೫೪೩೨೧ ಎಂದಾಗಿ ಸೊಬಗು ಕೆಡುತ್ತದೆ.

ಕನ್ನಡಿಗರಿಗೆ ಇದು ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ೧೨೩೪೫೬೫೪೩೨೧ ಎಂಬ ಇದೇ ಜಾತಿಯ ಸಂಖ್ಯೆಯನ್ನು ಹೇಳಿರುತ್ತಾರೆ.

೧೯೪೯ರಲ್ಲಿ ಕಾಪ್ರೇಕರರು ೬೧೭೪ರ ಗುಟ್ಟನ್ನು ಕಂಡುಹಿಡಿದರು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ಇಳಿಕೆಯ ಕ್ರಮದಲ್ಲಿಯೂ ಏರಿಕೆಯ ಕ್ರಮದಲ್ಲಿಯೂ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಬಂದ ಉತ್ತರಕ್ಕೂ ಹಾಗೆಯೇ ಮಾಡಬೇಕು. ೪೩೨೧ರಿಂದ ೧೨೩೪ ಕಳೆದರೆ ೩೦೮೭. ೮೭೩೦ರಿಂದ ೦೩೭೮ ಕಳೆದರೆ ೮೩೫೨. ೮೫೩೨ರಿಂದ ೨೩೫೮ ಕಳೆದರೆ ೬೧೭೪. ಏಳು ಹೆಜ್ಜೆಗಳೊಳಗೆ ಎಲ್ಲವೂ ಇಲ್ಲಿಗೇ ಬಂದು ನಿಲ್ಲುತ್ತವೆ.

ಉನ್ನತ ಪದವಿಯಿಲ್ಲದ ಈ ಉಪಾಧ್ಯಾಯರ ಶೋಧಗಳನ್ನು ದೇಶದ ಅನೇಕ ವಿದ್ವಾಂಸರು ಬರಿಯ ಆಟವೆಂದು ಕಡೆಗಣಿಸಿದರು. ಅವರು ಎದೆಗುಂದಲಿಲ್ಲ. ಸ್ವಂತ ಖರ್ಚಿನಲ್ಲಿ ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿದರು. ನಿವೃತ್ತಿವೇತನ ಸಾಲದಾದಾಗ ಮನೆಪಾಠ ಹೇಳಿ ಜೀವಿಸಿದರು; ಸಂಖ್ಯೆಗಳ ಸಂಗವನ್ನು ಮಾತ್ರ ಬಿಡಲಿಲ್ಲ. ೧೯೭೫ರಲ್ಲಿ ಅಮೇರಿಕದ ಮಾರ್ಟಿನ್ ಗಾರ್ಡ್‌ನರ್ ಅವರ ಕುರಿತು ಬರೆದ ಮೇಲೆ ಜಗತ್ತು ಅವರನ್ನು ಅರಿಯಿತು. ೧೯೮೬ರಲ್ಲಿ ಅವರು ದಿವಂಗತರಾದರು.

ಕಾಪ್ರೇಕರರಿಗೆ ದೊಡ್ಡ ಪ್ರಯೋಗಶಾಲೆಯಿರಲಿಲ್ಲ. ಕಾಗದ, ಲೇಖನಿ, ತಾಳ್ಮೆ ಇಷ್ಟೇ ಅವರ ಬಂಡವಾಳ. ಇವು ನಮ್ಮಲ್ಲಿಯೂ ಇರುವಂಥವೇ. ವಿದ್ಯಾರ್ಥಿಗಳು ಒಂದು ಸಂಖ್ಯೆಯನ್ನು ಆರಿಸಿಕೊಂಡು ಇಂದೇ ಪರೀಕ್ಷಿಸಿ ನೋಡಲಿ.